ಎಡದ ಬಾಗಿಲು

ಮಾರುವ ದಿನ ಬೊನಿಫಾಸ್ ಹೊರಗೆ ಬರಲೇ ಇಲ್ಲ.
ಕುಳೂರಿನ ಆ ಮನೆಯೊಳಗೆ ರೇಡಿಯೋ ಜೋರು.
ಅಂಗಳದಲ್ಲಿ ತಂಗಿ ಐರಿನ್ ಬಾಯಿ
ಟರ್ಪಾಲು ಸರಿಸಿ ನಿಂತರು, ಮೂಗಿಗೆ ಸೆರಗು.
ಸ್ಟೇರಿಂಗಿನಿಂದ ಒಂದು ಬೆಕ್ಕು ಇಳಿದು ಹೋಯಿತು,
ಮಾಲಕನ ಹಾಗೆ, ಅವಸರವಿಲ್ಲದೆ.

ಎಂಜಿನ್ ಬಿಚ್ಚಿ ನಾಲ್ಕು ಗೋಣಿಯಲ್ಲಿ ಕಟ್ಟಿತ್ತು.
ಬೋಲ್ಟುಗಳೆಲ್ಲ ಹಾರ್ಲಿಕ್ಸ್ ಬಾಟ್ಲಿಗಳಲ್ಲಿ,
ಒಂದೊಂದಕ್ಕೂ ಚೀಟಿ, ಕನ್ನಡ ಅಕ್ಷರದ ಕೊಂಕಣಿ.
ಕಡೆಯ ಬಾಟ್ಲಿಯಲ್ಲಿ ಒಂದೇ ಬೋಲ್ಟು.
ಚೀಟಿಯಲ್ಲಿ: "ಖಂಯ್ಚೆಂ? ನೆಣಾಂ."
ಎಲ್ಲಿಯದೋ, ಗೊತ್ತಿಲ್ಲ.

ನಡುವೆ ದಲ್ಲಾಳಿ ಚೆಯ್ಯಬ್ಬ.
ಎರಡು ಕಡೆಯಿಂದಲೂ ಕಮಿಷನ್, ಎರಡು ಕಡೆಗೂ ನೆಂಟ.
ಬೈರಾಸಿನ ಅಡಿಯಲ್ಲಿ ನನ್ನ ಬೆರಳು ಹಿಡಿದು ಹಿಸುಕಿದ:
"ಗುಜರಿಗೆ ಹಾಕಿದರೆ ತೂಕಕ್ಕೆ ಇಷ್ಟು ಬರ್ತದೆ ಮಾರಾಯ್ರೆ.
ಅದರ ಮೇಲಿನದ್ದು ಆಸೆಯ ಕ್ರಯ."
ಆಸೆ ಕಿಲೋಗೆ ಎಷ್ಟೆಂದು ನಾನು ಕೇಳಲಿಲ್ಲ.

ಕಾಗದದಲ್ಲಿ ಅದು ಇನ್ನೂ ಹಂಚಿನ ಕಾರ್ಖಾನೆಯದ್ದು.
ಕಾರ್ಖಾನೆಯ ಚಿಮಣಿ ಬಿದ್ದು
ಅಲ್ಲೀಗ ಎಂಟು ಮಾಳಿಗೆ, ಕೆಳಗೆ ಕಾರುಗಳು.
ಚಾಸಿಸ್ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದೆ,
ಶಾಲೆಯಲ್ಲಿ ನಾಲ್ಕಾಣೆಯ ಮೇಲೆ ಉಜ್ಜಿದ ಹಾಗೆ.
ಏಳರ ಬಾಲ ಮೂಡಿತು.
ಮೂರು ಮೂಡಲೇ ಇಲ್ಲ.

ಬೈಕಂಪಾಡಿಯ ನನ್ನ ವೆಲ್ಡಿಂಗ್ ಶಾಪಿನ ಹಿತ್ತಿಲಿಗೆ
ಹಗ್ಗ ಕಟ್ಟಿ ಎಳೆದು ತಂದೆವು.
"ಒಂದೇ ವರ್ಷ" ಎಂದೆ ಹೆಂಡತಿಗೆ.
ಉಜ್ಜಿದಷ್ಟೂ ಕೆಂಪು ಹುಡಿ.
ಯಾವುದು ತುಕ್ಕು, ಯಾವುದು ಹಂಚು ಹೊತ್ತ ಕಾಲದ ಮಣ್ಣು,
ನನ್ನ ಅಂಗಿಗೆ ಗೊತ್ತಾಗಲಿಲ್ಲ,
ಅದನ್ನು ಒಗೆಯುವವಳಿಗೂ.
ಪಣಂಬೂರಿನ ಗಾಳಿಗೆ ಆದಿತ್ಯವಾರವೂ ರಜೆ ಇಲ್ಲ.
ಹಗಲು ನಾನು ಕೆರೆದು ತೆಗೆದದ್ದನ್ನು
ರಾತ್ರಿ ಬಂದು ಹಚ್ಚಿ ಹೋಗುತ್ತಿತ್ತು.

ಜನರ ಗೇಟು ಮಾಡಿದೆ, ಕಿಟಕಿಯ ಸರಳು ಮಾಡಿದೆ,
ಬೋಟಿನ ಲಂಗರಿಗೆ ಕೊಂಡಿ ಹಾಕಿದೆ.
ಅದೆಲ್ಲ ಹೇಳಿದ ದಿನಕ್ಕೆ ಮುಗಿಯಿತು.
ಇದು ಮಾತ್ರ ಸಂಜೆಯ ಕೆಲಸ,
ಬೆಳಕು ಹೋದ ಮೇಲೆ ಶುರು.

ಹನ್ನೊಂದು ವರ್ಷ.
ಎಡದ ಬಾಗಿಲು ಮುಗಿಯಿತು.

ಮಲ್ಪೆಯಿಂದ ವಾರಿಜಾ ಮೆಂಡನ್ ಬಂದರು.
ಮೀನಿನ ಲಾರಿ ಮೂರುಂಟು ಅವರಿಗೆ, ಮೂರೂ ದುಡಿಯುವಂಥವು.
ಇದು ಯಾಕೆ ಎಂದು ನಾನು ಕೇಳಲಿಲ್ಲ;
ನನ್ನಲ್ಲಿ ಕೇಳಿದವರಿಗೂ ನಾನು ಹೇಳಿದ್ದಿಲ್ಲ.
"ಸ್ಟಾರ್ಟ್ ಆಗ್ತದಾ?"
ಚೆಯ್ಯಬ್ಬನ ಮಗ ಮೊಬೈಲು ನೋಡತೊಡಗಿದ.
ನಾನಂದೆ, "ಬಾಗಿಲು ಹಾಕಿ ನೋಡಿ."

ಹಾಕಿದರು.
ಧಡ್ ಎನ್ನಲಿಲ್ಲ ಅದು.
ಭರಣಿಯ ಮೇಲೆ ಮುಚ್ಚಳ ಕೂತ ಹಾಗೆ
ಕೂತಿತು.
ತೆಗೆದರು, ಮತ್ತೆ ಹಾಕಿದರು.
ಮೂರನೆಯ ಸಲ ಕಿವಿ ಹತ್ತಿರ ತಂದರು.
"ಇಷ್ಟು ಮಾಡಿದ್ದು ನೀವಾ?"
"ಇಷ್ಟೇ ಮಾಡಿದ್ದು."
"ಆವು" ಎಂದರು.
ಬೈರಾಸು ಬೇಕಾಗಲಿಲ್ಲ. ನೋಟು ಎಣಿಸುವಾಗ
ಅವರ ಬೆರಳಿನಲ್ಲಿ ಬಂಗುಡೆಯ ವಾಸನೆ.

ಕ್ರೇನು ಬಂದ ಬೆಳಿಗ್ಗೆ ನಾನು ಶಾಪಿನೊಳಗೆ ಕೂತೆ.
ರೇಡಿಯೋ ಇರಲಿಲ್ಲ.
ಗ್ರೈಂಡರ್ ಚಾಲು ಮಾಡಿ, ಯಾರಿಗೂ ಬೇಡದ
ಒಂದು ಪಟ್ಟಿಯನ್ನು ಅದು ಹೋಗುವವರೆಗೂ ತೇಯುತ್ತಿದ್ದೆ.
ಆ ಮೇಲೆ ನೋಡಿದರೆ ಹಿತ್ತಿಲಿನಲ್ಲಿ
ಲಾರಿಯ ಅಳತೆಗೆ ಬಿಳಿಚಿದ ಹುಲ್ಲು,
ಮೂಲೆಯಲ್ಲಿ ಬೆಕ್ಕಿನ ಮರಿಗಳು, ಎರಡು.

ಸಂಜೆ ಫೋನ್ ಮಾಡಿದೆ:
"ಒಂದು ಬಾಟ್ಲಿ ಇಲ್ಲೇ ಉಳಿಯಿತು. ಒಂದೇ ಬೋಲ್ಟು.
ಎಲ್ಲಿಯದೆಂದು ನನಗೂ ಗೊತ್ತಾಗಲಿಲ್ಲ."
ಆಚೆಯಿಂದ ಐಸು ಒಡೆಯುವ ಸದ್ದು, ಅದರ ನಡುವೆ ನಗು:
"ಅಲ್ಲೇ ಇರಲಿ ಅಣ್ಣ.
ನನ್ನಿಂದ ಕೊಳ್ಳುವವರಿಗೆ
ನಿಮ್ಮ ನಂಬರು ಕೊಡ್ತೇನೆ."

ಚೀಟಿ ಹಾಗೇ ಬಿಟ್ಟೆ.
ಬೋಲ್ಟಿಗೆ ಎಣ್ಣೆ ಸವರಿದೆ.